ತಲೆಕಟ್ಟು ಬರೆಯದ ಬೋರ್ಡು

ಹಿರಿಯೂರು
೧೪ ಜುಲೈ ೨೦೨೧

ರಂಗೇಶನಿಗೆ,

ನೀನು ಎರಡು ಸಲ ಫೋನು ಮಾಡಿದ್ದೆ ಎಂದು ಯಾಸ್ಮಿನ್ ಹೇಳಿದಳು. ಬೇಕೆಂದೇ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಬೈದರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದರ್ಧಕ್ಕೆ ನೀನು ನೆಟ್‌ವರ್ಕ್ ಇಲ್ಲ ಉಸ್ತಾದ್ ಎನ್ನುತ್ತೀಯ. ನಾನು ಬರೆದು ಬದುಕಿದವನು, ಬರೆದೇ ಬೈಯುತ್ತೇನೆ. ಕುಳಿತು ಓದು.

ನಿನ್ನ ಪ್ರದರ್ಶನ ನೋಡಿದೆ. ನೋಡಿದೆ ಎಂದರೆ, ನನ್ನ ಮಗಳು ಯಾಸ್ಮಿನ್ ಶಾಲೆಯ ಆನ್‌ಲೈನ್ ಪಾಠಕ್ಕೆಂದು ತಂದ, ಗಾಜು ಒಡೆದ ಫೋನಿನಲ್ಲಿ, ಅವಳ ಹೆಬ್ಬೆರಳಿನ ಸಂದಿಯಲ್ಲಿ ನೋಡಿದೆ. ಮೊದಲಿಗೆ ಕನ್ನಡಕ ಹಾಕಿದ ಮಹಾಶಯರೊಬ್ಬರು ಬಂದರು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಐದು ನಿಮಿಷ ಆದ ಮೇಲೆ ಯಾರೋ 'ಸರ್, ಮ್ಯೂಟ್ ತೆಗೀರಿ' ಎಂದರು. ಇಡೀ ಕಾರ್ಯಕ್ರಮದಲ್ಲಿ ನನಗೆ ಹಿಡಿಸಿದ್ದು ಆ ಐದು ನಿಮಿಷ.

ದನಿ ಬಂದ ಮೇಲೆ ಅವರು ನಿನ್ನ ಪರಿಚಯ ಓದಿದರು. ಆದಿವಾಲದ ಕುರಿಗಾಹಿಗಳ ಮನೆಯಲ್ಲಿ ಹುಟ್ಟಿದ್ದು, ದಾವಣಗೆರೆಯಲ್ಲಿ ಚಿತ್ರಕಲೆ ಓದಿದ್ದು, ಚಿತ್ರದುರ್ಗದಲ್ಲಿ ನೆಲೆಸಿರುವುದು. ನಡುವೆ ಏಳು ವರ್ಷ ಹಿರಿಯೂರಿನಲ್ಲಿ ಇಮಾಮ್ ಆರ್ಟ್ಸ್ ಎಂಬ ಅಂಗಡಿಯಲ್ಲಿ ಬ್ರಷ್ ತೊಳೆದದ್ದು, ಬೋರ್ಡಿಗೆ ಗೆರೆ ಹೊಡೆಯುವುದು ಕಲಿತದ್ದು, ನಮ್ಮ ಮನೆಯಲ್ಲಿ ಮೆಹರುನ್ನೀಸಾ ಬಡಿಸಿದ್ದನ್ನು ಉಂಡದ್ದು ಎಲ್ಲಿ ಹೋಯಿತು? ಅದೂ ಮ್ಯೂಟ್‌ನಲ್ಲಿತ್ತೇ?

ಆಮೇಲೆ ನಿನ್ನ ಕೃತಿಗಳು. ಒಂದರಲ್ಲಿ ನೀನು ಕೈ ತೊಳೆಯುತ್ತೀಯ. ಇಪ್ಪತ್ತು ನಿಮಿಷ ತೊಳೆಯುತ್ತೀಯ. ನಲ್ಲಿಯನ್ನೂ ನಿಲ್ಲಿಸಲಿಲ್ಲ. ಇನ್ನೊಂದರಲ್ಲಿ ಹಾಕಿ ಬಿಟ್ಟ ಮಾಸ್ಕುಗಳನ್ನು ತಂತಿಗೆ ನೇತುಹಾಕಿ 'ಉಸಿರಿನ ಸಂಗ್ರಹಾಲಯ' ಎಂದು ಹೆಸರಿಟ್ಟಿದ್ದೀಯ. ನಮ್ಮ ಎದುರು ಮನೆಯ ಪಾಲಮ್ಮನ ಅಂಗಳದಲ್ಲೂ ಅಂಥ ತಂತಿ ಇದೆ, ಅವಳು ಒಗೆದು ಹಾಕುತ್ತಾಳೆ. ಮೂರನೆಯದು ದೊಡ್ಡ ಬಿಳಿ ಕ್ಯಾನ್ವಾಸು. ಪ್ರೈಮರ್ ಹೊಡೆದು ಬಿಟ್ಟಿದ್ದೀಯ, ಕೆಳಗೆ 'ಲಾಕ್‌ಡೌನ್' ಎಂದು ಬರೆದಿದ್ದೀಯ. ನಮ್ಮ ಅಂಗಡಿಯಲ್ಲಿ ಅಂಥದ್ದಕ್ಕೆ 'ನಾಳೆ ಬರ್ರಿ' ಎನ್ನುತ್ತಿದ್ದೆವು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹನ್ನೆರಡನೆಯದು ಬಂತು. ನೀಲಿ ತಗಡು, ಹಳದಿ ಅಕ್ಷರ, ಮೇಲಿನ ಗುರುತು ಒಂದೂ ಇಲ್ಲ. ಹೆಸರು 'ತಲೆ ಇಲ್ಲದ ಊರು'. ಮಹಾಶಯರು ಗದ್ಗದಿತರಾದರು. ಈ ಮಹಾಮಾರಿಯಲ್ಲಿ ಅಕ್ಷರಗಳೂ ರುಂಡ ಕಳೆದುಕೊಂಡಿವೆ, ಇವು ಯಾವ ಭಾಷೆಗೂ ಸೇರದೆ ಬೀದಿಯಲ್ಲಿ ನಿಂತ ಜನ ಎಂದರು. ನೀನು ತಲೆಯಾಡಿಸಿದೆ.

ರಂಗೇಶ, ಅವು ಕನ್ನಡಕ್ಕೆ ಸೇರಿದ ಅಕ್ಷರ. ನಾನು ಬರೆದದ್ದು. ಫೋನು ಯಾಸ್ಮಿನ್ ಕೈಗೆ ಕೊಟ್ಟು ಅಂಗಡಿಯ ಶಟರ್ ಎತ್ತಿಸಿ ನೋಡಿದೆ. ಗೋಡೆಗೆ ಮುಖ ಮಾಡಿ ಇಟ್ಟಿದ್ದ ಜಾಗದಲ್ಲಿ ಬೋರ್ಡು ಇಲ್ಲ. ಅದು ನಿನ್ನ ಕೈಗೆ ಹೇಗೆ ಬಂತು?

ಇಮಾಮ್ ಸಾಬ್


ಚಿತ್ರದುರ್ಗ
೨೨ ಜುಲೈ ೨೦೨೧

ಉಸ್ತಾದರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಬೈಗುಳವನ್ನೂ ಅಷ್ಟು ದುಂಡಗೆ ಬರೆಯುವುದು ತಮಗೊಬ್ಬರಿಗೇ ಸಾಧ್ಯ.

ಕೋಪ ಬೇಡ. ತಾವು ಮಾಡಿದ್ದು ಕಸುಬು, ನಾನು ಮಾಡುತ್ತಿರುವುದು ಪ್ರಶ್ನೆ ಕೇಳುವ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ. ಫ್ಲೆಕ್ಸ್ ಬಂದು ಹದಿನೈದು ವರ್ಷವಾಯಿತು. ಕೈಬರಹದ ಬೋರ್ಡನ್ನು ಇವತ್ತು ಯಾರಾದರೂ ನಿಂತು ನೋಡುತ್ತಾರೆ ಎಂದರೆ ಅದು ನಮ್ಮಂಥವರು ಮಾತ್ರ. ಹೋದ ವರ್ಷ ತಾವು ಹಿರಿಯೂರಿನ ಸರ್ಕಲ್‌ನಲ್ಲಿ ರಸ್ತೆ ತುಂಬ ಮೀಸೆ ಇರುವ ಕೊರೊನಾ ರಾಕ್ಷಸನನ್ನು ಬರೆದು 'ಮನೆಯಲ್ಲೇ ಇರಿ' ಎಂದು ಅಬ್ಬರಿಸಿದಿರಿ. ಲಾರಿಗಳು ಹರಿದು ಒಂದೇ ತಿಂಗಳಿಗೆ ಮೀಸೆ ಅಳಿಸಿಹೋಯಿತು. ವೈರಸ್ಸಿಗೆ ಮೀಸೆ ಯಾಕೆ ಎಂದು ನಾನು ಕೇಳಲಿಲ್ಲ.

ಆ ಬೋರ್ಡು ನನಗೆ ಸಿಕ್ಕಿತು. ಕದ್ದದ್ದಲ್ಲ. ಹೇಗೆ ಸಿಕ್ಕಿತು ಎಂಬುದನ್ನು ಈಗ ಬರೆಯಲಾರೆ. ಈವರೆಗೆ ನಾಲ್ಕು ಸಾವಿರ ಜನ ಅದನ್ನು ನೋಡಿದ್ದಾರೆ. ದೆಹಲಿಯ ಸಂಗ್ರಾಹಕರೊಬ್ಬರು ಕೇಳಿದ್ದಾರೆ. ಅದು ಹಾಗೆಯೇ, ಮುಗಿಯದೆಯೇ ಇರಬೇಕು ಎಂಬುದೊಂದೇ ಅವರ ಷರತ್ತು. ಒಂದು ಗೆರೆ ಸೇರಿಸಿದರೂ ಕೃತಿ ಕೆಡುತ್ತದೆ. ನನ್ನ ಹದಿನಾರು ವರ್ಷದ ಕೆಲಸದಲ್ಲಿ ಹೊರಗಿನವರು ನನ್ನ ಹೆಸರು ಕೇಳುತ್ತಿರುವುದು ಇದೇ ಮೊದಲು. ತಾವು ದೊಡ್ಡ ಮನಸ್ಸು ಮಾಡಬೇಕು.

ತಮ್ಮ ಶಿಷ್ಯ,
ರಂಗೇಶ್ ಆದಿವಾಲ


ಹಿರಿಯೂರು
೨೯ ಜುಲೈ ೨೦೨೧

ರಂಗೇಶನಿಗೆ,

ಮಕ್ಕಳು ಅದನ್ನು ನೋಡಿ ಹೆದರಲಿ ಎಂದು ಮೀಸೆ ಬರೆದೆ. ಹೆದರಿದವು. ನಿನ್ನ ಬಿಳಿ ಕ್ಯಾನ್ವಾಸು ನೋಡಿ ಯಾವ ಮಗು ಹೆದರಿತು, ಯಾವ ಮಗು ನಕ್ಕಿತು? ನೆಲದ ಮೇಲೆ ಹೆಣಗಳು ಸಾಲಾಗಿ ಮಲಗಿದ್ದ ವರ್ಷದಲ್ಲಿ ಇಪ್ಪತ್ತು ನಿಮಿಷ ಕೈ ತೊಳೆದು ಪ್ರಶ್ನೆ ಕೇಳಿದೆ ಎನ್ನುತ್ತೀಯಲ್ಲ, ನಿನ್ನ ಪ್ರಶ್ನೆಗೆ ಸೋಪಿನ ವಾಸನೆ ಬಿಟ್ಟರೆ ಬೇರೇನಿದೆ?

ಬೋರ್ಡಿನ ಮಾತಿಗೆ ಬರುತ್ತೇನೆ. ನಮ್ಮ ಅಂಗಡಿಯ ಪದ್ಧತಿ ನೀನು ಮರೆತಿರಲಾರೆ. ಬೇರೆ ಪೇಂಟರುಗಳು ಒಂದೊಂದೇ ಅಕ್ಷರ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ನಾವು ಮೊದಲು ಒಡಲೆಲ್ಲ ಬರೆದು ಒಣಗಿಸುತ್ತೇವೆ. ತಲೆಕಟ್ಟು, ಗುಡಿಸು, ಏತ್ವ, ದೀರ್ಘ, ಮೇಲೆ ಕೂರುವುದೆಲ್ಲ ಕೊನೆಗೆ, ಒಂದೇ ದಿನ, ಒಂದೇ ಕೈಯಲ್ಲಿ. ಆಗಲೇ ಅವು ಒಂದು ಗೆರೆಯ ಮೇಲೆ ನಿಲ್ಲುವುದು. ನಮ್ಮಲ್ಲಿ ಅದಷ್ಟಕ್ಕೂ ಸೇರಿಸಿ ತಲೆಕಟ್ಟು ಎಂದೇ ಹೆಸರು. ಅದು ಇಲ್ಲದ ಬೋರ್ಡು ರುಂಡ ಹೋದ ಬೋರ್ಡಲ್ಲ, ಮುಗಿಯದ ಬೋರ್ಡು. ಇದು ಗೊತ್ತಿದ್ದೂ ನೀನು ಆ ಮಹಾಶಯರ ಮುಂದೆ ತಲೆಯಾಡಿಸಿದೆ. ಅದೇ ನನಗೆ ಹೇಸಿಗೆ.

ಏನು ಬರೆದಿದೆ ಎಂದು ನಾಲ್ಕು ಸಾವಿರ ಜನರಲ್ಲಿ ಒಬ್ಬನಾದರೂ ಕೇಳಿದನೇ? ನಾನು ಹೇಳುತ್ತೇನೆ, ನಿನಗೆ ಗೊತ್ತಿದ್ದರೂ ಹೇಳುತ್ತೇನೆ. ಮೆಹರುನ್ನೀಸಾ ಲೇಡೀಸ್ ಟೈಲರ್.

ಮೂವತ್ತೆರಡು ವರ್ಷ ಅವಳು ನಮ್ಮ ಮುಂದಿನ ಕೋಣೆಯಲ್ಲಿ ಮಿಷನ್ ತುಳಿದಳು. ಹರಿಯಬ್ಬೆಯಿಂದ, ನಿಮ್ಮ ಆದಿವಾಲದಿಂದ ಹೆಣ್ಣುಮಕ್ಕಳು ಬರುತ್ತಿದ್ದರು. ಊರಿಗೆಲ್ಲ ಬೋರ್ಡು ಬರೆಯುವವನ ಹೆಂಡತಿಯ ಬಾಗಿಲಿಗೆ ಬೋರ್ಡು ಇರಲಿಲ್ಲ. ಕೇಳಿದಾಗಲೆಲ್ಲ 'ಇದೇನು ಅಂಗಡಿನಾ? ಮನೆ' ಎನ್ನುತ್ತಿದ್ದೆ. ಹೋದ ವರ್ಷ ಲಾಕ್‌ಡೌನಿನಲ್ಲಿ ಅವಳು ಮಾಸ್ಕ್ ಹೊಲಿಯಲು ಕುಳಿತಳು. ಯಾರ್ಯಾರೋ ಹುಡುಕಿಕೊಂಡು ಬಂದು ನಾಲ್ಕು ಮನೆ ತಟ್ಟಿ ನಮ್ಮ ಮನೆಗೆ ಬರುತ್ತಿದ್ದರು. ಒಂದು ದಿನ ಅನ್ನ ಬಡಿಸುತ್ತಾ, 'ಕೊರೊನಾಕ್ಕೆ ಬೋರ್ಡ್ ಬರ್ದಿದೀರಿ, ನಾನು ಅದಕ್ಕಿಂತ ಕಡೆ ಆದ್ನಾ?' ಎಂದಳು. ಅವತ್ತೇ ತಗಡು ಕತ್ತರಿಸಿದೆ.

ಒಡಲು ಬರೆದೆ. ತಲೆಕಟ್ಟಿಗೆ ಅರ್ಧ ದಿನ ಬೇಕಿತ್ತು. ಭರಮಸಾಗರದಲ್ಲಿ ಗೋಡೆ ಕೆಲಸ ಬಂತು, ಹೊಸದುರ್ಗದಲ್ಲಿ ಗೊಬ್ಬರದ ಅಂಗಡಿ ಬಂತು. ಅವಳು ಎಲ್ಲಿ ಹೋಗುತ್ತಾಳೆ, ಮಾಡಿದರಾಯಿತು ಎಂದುಕೊಂಡೆ. ಮೇ ತಿಂಗಳಲ್ಲಿ ನೀನಿರುವ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೋದಳು. ನನಗೆ ಮುಖ ನೋಡಲು ಬಿಡಲಿಲ್ಲ. ಅವಳಿಗೆಂದು ನಾನು ಮಾಡಿದ ಒಂದೇ ಒಂದು ಕೆಲಸ ಆ ಬೋರ್ಡು, ಅದೂ ಅರ್ಧ. ನನಗೆ ಅದು ಬೇಕು. ನಾನು ಮುಗಿಸಬೇಕು.

ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಬಲಗಡೆಯ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ನಿನ್ನ ಸಹಿ ಕಂಡಿತು. ಏಳು ವರ್ಷ ನಿನಗೆ ಸಹಿ ಹಾಕುವ ಆ ಮೂಲೆ ಮುಟ್ಟಲು ಬಿಟ್ಟಿರಲಿಲ್ಲ ನಾನು. ಈಗ ಗೊತ್ತಾಯಿತು, ಬಿಡದಿದ್ದದ್ದು ಸರಿ.

ಬೋರ್ಡು ಕಳಿಸು. ದೆಹಲಿಯವರಿಗೆ ಬಿಳಿ ಕ್ಯಾನ್ವಾಸು ಕೊಡು, ಅದು ಯಾವತ್ತೂ ಮುಗಿಯುವುದಿಲ್ಲ.

ಇಮಾಮ್ ಸಾಬ್


ಹಿರಿಯೂರು
೨೧ ಆಗಸ್ಟ್ ೨೦೨೧
(ಕಾರ್ಡು)

ಇಪ್ಪತ್ತಮೂರು ದಿನವಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಮುಗಿಯದೆ ಬಿಡುವುದು ನಿನ್ನ ಕಲೆ ಇರಬಹುದು, ಕಳ್ಳತನ ಮಾಡಿ ಬಾಯಿ ಮುಚ್ಚಿಕೊಳ್ಳುವುದಕ್ಕೆ ಹಳೆಯ ಹೆಸರೇ ಇದೆ. ಪೋಸ್ಟ್‌ಮನ್ ಅಂಜನಪ್ಪ ಈ ಕಾರ್ಡನ್ನು ಓದುತ್ತಾನೆ ಎಂದು ಗೊತ್ತಿದ್ದೇ ಕಾರ್ಡಿನಲ್ಲಿ ಬರೆದಿದ್ದೇನೆ.

ಇ. ಸಾ.


ಚಿತ್ರದುರ್ಗ
೬ ಸೆಪ್ಟೆಂಬರ್ ೨೦೨೧

ಉಸ್ತಾದ್,

ಕಳ್ಳ ಎಂದು ಬರೆದಿರಿ. ಅದನ್ನೊಂದು ಬಿಟ್ಟು ಬೇರೆ ಏನು ಬರೆದಿದ್ದರೂ ಸುಮ್ಮನಿರುತ್ತಿದ್ದೆ.

ಫೆಬ್ರವರಿಯಲ್ಲಿ ನಾನು ಹಿರಿಯೂರಿಗೆ ಬಂದಿದ್ದೆ. ತಾವು ಭರಮಸಾಗರಕ್ಕೆ ಹೋಗಿದ್ದಿರಿ. ಮೆಹರುನ್ನೀಸಾ ಚಾಚಿ ಊಟಕ್ಕೆ ಕೂರಿಸಿದರು. ಉಂಡಾದ ಮೇಲೆ ಅಂಗಡಿಯ ಬೀಗ ತೆಗೆದು ಅವರೇ ಬೋರ್ಡು ಹೊತ್ತು ತಂದರು. ಅವರು ಆಡಿದ್ದನ್ನು ಹಾಗೇ ಬರೆಯುತ್ತೇನೆ. ತಾವು ಕೇಳಲೇಬೇಕು.

'ರಂಗೇಶ, ನಿಮ್ಮ ಉಸ್ತಾದ್‌ರಿಗೆ ಊರೆಲ್ಲ ಕಣ್ಣಿಗೆ ಬೀಳ್ತೈತೆ, ಮನೆ ಬೀಳಲ್ಲ. ಆರು ತಿಂಗ್ಳಾತು, ಗೋಡೆ ಕಡೆ ಮಕ ಮಾಡಿ ಇಟ್ಟವ್ರೆ. ಇನ್ನ ನಾನು ಕೇಳಲ್ಲ. ಕೇಳಿ ಕೇಳಿ ನನ್ ಬಾಯಿ ನಂಗೇ ಬ್ಯಾಸ್ರ ಆಗೈತೆ. ನಿಂಗೂ ಅದೇ ಕೈ ಐತಲ್ಲಪ್ಪ, ನೀನೇ ತಲೆಕಟ್ಟು ಹಾಕಿ ತಂದು ಕೊಡು. ಬಾಗ್ಲಿಗೆ ಹಾಕ್ಕಂತೀನಿ. ಅವ್ರು ಬಂದು ನೋಡ್ಲಿ.'

ಹದಿನೈದು ದಿನದಲ್ಲಿ ತರುತ್ತೇನೆ ಎಂದೆ. ತಂದು ಮನೆಯಲ್ಲಿಟ್ಟೆ. ಬೋರ್ಡು ಬರೆಯುವವನು ಎಂದು ಇಲ್ಲಿ ಯಾರಾದರೂ ತಿಳಿದುಕೊಂಡರೆ ಎಂಬ ನಾಚಿಕೆ ನನಗೆ. ಪರಿಚಯದಲ್ಲಿ ಏಳು ವರ್ಷ ಬಿಟ್ಟದ್ದೂ ಅದಕ್ಕೇ. ಇವತ್ತು ನಾಳೆ ಎಂದು ಮಾರ್ಚ್ ಹೋಯಿತು. ಏಪ್ರಿಲ್‌ನಲ್ಲಿ ಚಾಚಿ ಫೋನು ಮಾಡಿ, 'ಆತೇನಪ್ಪ?' ಎಂದರು. ಆಗ್ತಾ ಇದೆ ಎಂದೆ. ಬ್ರಷ್ ಕೂಡ ತೆಗೆದಿರಲಿಲ್ಲ.

ಅವರು ಇದೇ ಊರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ನನ್ನ ಮನೆಯಿಂದ ನಡೆದು ಹೋಗುವ ದೂರ. ಬಾಗಿಲಲ್ಲಿ ಯಾಸ್ಮಿನ್ ಕುಳಿತಿದ್ದಾಳೆ ಎಂದು ಗೊತ್ತಿತ್ತು. ಬೋರ್ಡು ಎಲ್ಲಿ ಎಂದು ಕೇಳಿದರೆ ಏನು ಹೇಳಲಿ ಎಂದು ಹೋಗಲಿಲ್ಲ. ಆಮೇಲೆ ಪ್ರದರ್ಶನಕ್ಕೆ ಹನ್ನೊಂದು ಕೃತಿ ಆಗಿದ್ದವು, ಹನ್ನೆರಡು ಬೇಕಿತ್ತು. ಗೋಡೆಗೆ ಒರಗಿದ್ದದ್ದನ್ನು ಕಳಿಸಿದೆ. ಸಹಿ ಹಾಕುವಾಗ ಎರಡು ಸಲ ಯೋಚಿಸಲಿಲ್ಲ. ಅದನ್ನೂ ತಿಳಿಸುತ್ತಿದ್ದೇನೆ.

ಕಳ್ಳ ನಾನಲ್ಲ. ಅದಕ್ಕಿಂತ ಕೀಳು. ಆದರೆ ತಮ್ಮನ್ನೂ ಒಂದು ಮಾತು ಕೇಳುತ್ತೇನೆ. ಫೆಬ್ರವರಿಯಿಂದ ಚಾಚಿ ಹೋಗುವ ತನಕ ಮೂರು ತಿಂಗಳು ಆ ಬೋರ್ಡು ತಮ್ಮ ಅಂಗಡಿಯಲ್ಲಿ ಇರಲಿಲ್ಲ. ದಿನಾ ಶಟರ್ ಎತ್ತಿ ಒಳಗೆ ಹೋಗುತ್ತಿದ್ದಿರಿ. ಒಂದು ದಿನವಾದರೂ ಅದು ಇಲ್ಲ ಎಂದು ತಮಗೆ ಗೊತ್ತಾಯಿತೇ? ಚಾಚಿ ಕಾಯುತ್ತಿದ್ದರು, ಗಂಡ ಕೇಳುತ್ತಾನೆ ಎಂದು. ಫೋನಿನಲ್ಲಿ ನನಗೆ ಹಾಗೆಂದರು. 'ಇನ್ನೂ ಕೇಳಿಲ್ಲ ಕಣಪ್ಪ' ಎಂದು ನಕ್ಕರು.

ರಂಗೇಶ


ಹಿರಿಯೂರು
೨ ನವೆಂಬರ್ ೨೦೨೧

ರಂಗೇಶ,

ಗೊತ್ತಾಗಲಿಲ್ಲ.

ಬೋರ್ಡು ಕಳಿಸು.

ಇಮಾಮ್ ಸಾಬ್


ಚಿತ್ರದುರ್ಗ
೧೯ ಜನವರಿ ೨೦೨೨

ಉಸ್ತಾದರಿಗೆ,

ತಡವಾಯಿತು. ಬೋರ್ಡು ಬೆಂಗಳೂರಿನ ಗ್ಯಾಲರಿಯ ಗೋದಾಮಿನಲ್ಲಿತ್ತು. ಅದು ಮುಗಿಯದ ಬೋರ್ಡು, ನನ್ನದಲ್ಲ, ನನ್ನ ಗುರುಗಳದ್ದು, ಅವರ ಹೆಂಡತಿಯ ಹೆಸರು ಎಂದು ಬರೆದು ಕೊಟ್ಟೆ. ಆ ಕನ್ನಡಕದವರು ಫೋನು ಮಾಡಿ ಇದರಿಂದ ಕೃತಿಗೆ ಇನ್ನೂ ಒಂದು ಆಯಾಮ ಬಂತು, ಸಾವಿನ ವಿಷಯವನ್ನೂ ಪಕ್ಕದಲ್ಲಿ ಬರೆದು ಹಾಕೋಣ ಎಂದರು. ಆವತ್ತು ನನಗೆ ತಮ್ಮ ಬಾಯಿ ಬಂತು ಉಸ್ತಾದ್. ತಾವು ಕಾರ್ಡಿನಲ್ಲೂ ಬರೆಯದಂಥ ಮಾತು ಆಡಿದೆ. ಇನ್ನು ಆ ಕಡೆಯವರು ನನ್ನನ್ನು ಕರೆಯುವುದಿಲ್ಲ. ದೆಹಲಿಯವರಿಗೂ ಇಲ್ಲ ಎಂದೆ.

ಹೊಳಲ್ಕೆರೆಯ ಮುನಿಯಪ್ಪ ಬೆಂಗಳೂರಿನಲ್ಲಿ ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ. ಅವನ ಗಾಡಿಯಲ್ಲಿ ಹಾಕಿಸಿದ್ದೇನೆ. ಹಿರಿಯೂರಿನಲ್ಲಿ ತಮ್ಮ ಮನೆಗೇ ಇಳಿಸಿ ಹೋಗುತ್ತಾನೆ. ನಾನೇ ತಲೆಕಟ್ಟು ಹಾಕೋಣ ಎಂದು ಒಮ್ಮೆ ಬ್ರಷ್ ತೆಗೆದೆ. ಧೈರ್ಯ ಬರಲಿಲ್ಲ. ಮುಟ್ಟಿಲ್ಲ.

ರಂಗೇಶ


ಹಿರಿಯೂರು
೧೫ ಮಾರ್ಚ್ ೨೦೨೨

ರಂಗೇಶನಿಗೆ,

ಬೋರ್ಡು ಬಂತು. ನಿನ್ನ ಮುನಿಯಪ್ಪ ಅದರ ಮೇಲೆ ಖಾಲಿ ಚೀಲ ಹೇರಿಕೊಂಡು ಬಂದಿದ್ದ. ಅವನನ್ನು ಬೈಯಲಿಲ್ಲ, ಅವನು ಕಲಾವಿದನಲ್ಲ.

ಐದು ವಾರ ಅದರ ಎದುರು ಕುಳಿತೆ. ಅಷ್ಟು ದಿನ ಅದರ ಕಡೆ ನೋಡಿದ್ದು ಅದೇ ಮೊದಲು. ಈಗ ಅರ್ಧ ದಿನ ಅಲ್ಲ, ದಿನವೆಲ್ಲ ಬಿಡುವು. ಫ್ಲೆಕ್ಸಿನವರ ದಯೆ. ನಿನ್ನ ಸಹಿಯನ್ನು ಟರ್ಪೆಂಟೈನ್ ಹಾಕಿ ಒರೆಸಿದೆ. ನನ್ನದನ್ನೂ ಹಾಕಲಿಲ್ಲ. ಇಷ್ಟು ತಡ ಮಾಡಿದ ಇಬ್ಬರ ಹೆಸರು ಅವಳ ಹೆಸರಿನ ಪಕ್ಕ ಬೇಡ.

ಹೋದ ಶುಕ್ರವಾರ ಬೆಳಿಗ್ಗೆ ನಮಾಜ್ ಮುಗಿಸಿ ಬಂದು ದಾರ ಎಳೆದು ಗೆರೆ ಹೊಡೆದೆ. ಹತ್ತೂವರೆಗೆ ಶುರು ಮಾಡಿ ಒಂದು ಗಂಟೆಗೆ ಮುಗಿಸಿದೆ. ಎರಡೂವರೆ ಗಂಟೆಯ ಕೆಲಸ. ಇದನ್ನು ಓದಿ ನಿನಗೆ ನನ್ನ ಮೇಲೆ ಅಸಹ್ಯ ಬಂದರೆ ತಡೆದುಕೊಳ್ಳಬೇಡ. ನನಗೆ ಬಂದದ್ದಕ್ಕಿಂತ ಹೆಚ್ಚು ಬರಲಾರದು. ಕೈ ಮೊದಲಿನಷ್ಟು ನಿಲ್ಲುವುದಿಲ್ಲ, ಹಕಾರದ ತಲೆಕಟ್ಟು ಒಂದು ನೂಲು ಎಡಕ್ಕೆ ವಾಲಿದೆ. ಬಾಗಿಲಿಗೆ ಹೊಡೆಸಿದೆ. ಯಾಸ್ಮಿನ್ ಬೀದಿಯಲ್ಲಿ ನಿಂತು ಜೋರಾಗಿ ಓದಿ ಅತ್ತಳು. ಇದೆಲ್ಲ ಆಯಿತು, ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ನಿನ್ನೆ ಮಧ್ಯಾಹ್ನ ಹರಿಯಬ್ಬೆಯ ವೀರಮ್ಮ ಎಂಬ ಹೆಂಗಸು ಬಂದಳು. ಈ ಕಡೆಗೆ ಹೊಸಬಳು, ಅಲ್ಲಿಗೆ ಸೊಸೆಯಾಗಿ ಬಂದು ಆರು ತಿಂಗಳಂತೆ. ಕೈಯಲ್ಲಿ ಹಸಿರು ರೇಷ್ಮೆಯ ಬ್ಲೌಸ್ ಪೀಸು, ಅಳತೆಗೆ ಒಂದು ಹಳೆಯ ಬ್ಲೌಸು. ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಬೋರ್ಡು ಕಂಡಿತಂತೆ. ಹೊಸ್ತಿಲ ಹೊರಗೇ ನಿಂತು ಹೆಸರನ್ನು ತಪ್ಪಿಲ್ಲದೆ ಓದಿ, 'ಮೆಹರುನ್ನೀಸಾ ಅವ್ರು ಅದಾರೇನ್ರಿ?' ಎಂದಳು.

ನೋಡು ರಂಗೇಶ, ನಿನ್ನ ನಾಲ್ಕು ಸಾವಿರ ಜನರಲ್ಲಿ ಒಬ್ಬನೂ ಬ್ಲೌಸ್ ಪೀಸು ತಂದಿರಲಿಲ್ಲ. ಇದನ್ನು ನಿನಗೆ ಬರೆದು ಚುಚ್ಚಬೇಕು ಎಂದು ಆ ಕ್ಷಣದಲ್ಲೂ ನನ್ನ ಹಾಳು ಬುದ್ಧಿಗೆ ಹೊಳೆಯಿತು. ಆದರೆ ಹತ್ತು ತಿಂಗಳಲ್ಲಿ ಅವಳನ್ನು ಹೀಗೆ ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಬಂದವರೆಲ್ಲ ಹೋದವಳ ಮಾತಾಡಿ ಹೋಗಿದ್ದರು. ಈ ಹೆಂಗಸು ಮಾತ್ರ ಒಳಗೆ ಇಣುಕಿ ಅವಳನ್ನು ಹುಡುಕಿದಳು.

ಇಲ್ಲ ಎನ್ನಬೇಕಿತ್ತು. 'ಅದಾಳೆ. ಒಳಗೆ ಕೆಲಸ ಐತೆ ಅವ್ಳಿಗೆ. ಕೊಟ್ಟು ಹೋಗಮ್ಮ' ಎಂದೆ.

'ಯುಗಾದಿಗೆ ಬೇಕ್ರಿ. ತಪ್ಪಿಸಬ್ಯಾಡ್ರಿ ಮತ್ತೆ' ಎಂದಳು.

ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟು ಬಟ್ಟೆ ಇಸಿದುಕೊಂಡೆ. ಅದು ಈಗ ಮೆಹರುನ್ನೀಸಾಳ ಮಿಷನ್ ಮೇಲಿದೆ. ಯಾಸ್ಮಿನ್‌ಗೆ ಗುಂಡಿ ಹಾಕಲೂ ಬಾರದು. ಬೆಳಿಗ್ಗೆಯಿಂದ ಆ ಹಳೆಯ ಬ್ಲೌಸನ್ನು ಬಿಡಿಸಿ ಮಡಿಸಿ ನೋಡುತ್ತಿದ್ದೇನೆ. ತೋಳಿನ ಹತ್ತಿರ ಎಲ್ಲಿ ಶುರು ಮಾಡುತ್ತಾರೆ, ಎಲ್ಲಿ ಮುಗಿಸುತ್ತಾರೆ, ಒಂದೂ ತಿಳಿಯುತ್ತಿಲ್ಲ. ಹಬ್ಬಕ್ಕೆ ಹದಿನೆಂಟು ದಿನ ಇದೆ.

ರಂಗೇಶ, ನನಗೆ ಹೊಲಿಯಲು ಬರುವುದಿಲ್ಲ.

ಇಮಾಮ್